ವೇಷದವರೊಡನೆ ಊಟ

ಹೊರಗಿನವರು ಪ್ರವಾಸಕ್ಕೆಂದು ಬರುವ ಊರಿನಲ್ಲಿ ಸಂಸಾರ ಮಾಡಿಕೊಂಡಿರುವುದೂ ಒಂದು ವಿದ್ಯಾಭ್ಯಾಸವೇ. ನಾನು ಉಪಾಧ್ಯಾಯಿನಿಯಾಗಿ ಕೆ.ಆರ್.ಎಸ್.ಗೆ ಬಂದು ಇಪ್ಪತ್ತಾರು ವರ್ಷಗಳಾದವು. ಇಷ್ಟು ವರ್ಷಗಳಲ್ಲಿ ಬೃಂದಾವನದ ಕಾರಂಜಿಯನ್ನು ನೋಡಿದ್ದಕ್ಕಿಂತ, ಅದನ್ನು ನೋಡಲು ಬಂದವರನ್ನು ನಾನು ನೋಡಿದ್ದೇ ಹೆಚ್ಚು. ಬಸ್ಸಿಳಿದ ಕೂಡಲೇ ಮರದ ನೆರಳು ಹುಡುಕಿ ಚಿತ್ರಾನ್ನದ ಡಬ್ಬಿ ಬಿಚ್ಚುವ ಸಂಸಾರಗಳಿವೆ. ಇಳಿದವರೇ ಮೀನು ಫ್ರೈ ಅಂಗಡಿಗಳ ಮುಂದೆ ಸಾಲುಗಟ್ಟುವ ಸಂಸಾರಗಳೂ ಇವೆ. ಎರಡು ಬಗೆಯವರೂ ಸಂಜೆ ದೀಪ ಹತ್ತುವುದರೊಳಗೆ ಒಂದು ಸಲ ಜಗಳವಾಡಿಯೇ ಆಡುತ್ತಾರೆ. "ಇಷ್ಟು ದೂರ ಬಂದಿದ್ದೀವಿ, ಮಗು ಕೇಳಿದ್ದೊಂದು ಕೊಡಿಸಬಾರದಾ?" ಎಂದು ಹೆಂಗಸಿನ ದನಿ. "ಬರೋದಕ್ಕೇ ಎಷ್ಟಾಯ್ತು ಗೊತ್ತಾ ನಿಂಗೆ?" ಎಂದು ಗಂಡಸಿನ ದನಿ. ನಡುವೆ ಬೊಂಬಾಯಿ ಮಿಠಾಯಿಯ ಕಡೆಗೇ ಕಣ್ಣಿಟ್ಟುಕೊಂಡು ನಿಂತ ಮಗು.

ಈ ವರ್ಷ ಅದೇ ಜಗಳ ನಮ್ಮ ಮನೆಯೊಳಕ್ಕೇ ಬಂತು, ಅದೂ ಅಮೆರಿಕದಿಂದ. ಮಗಳು, ಅಳಿಯ, ನಾಲ್ಕು ವರ್ಷದ ಮೊಮ್ಮಗಳು ಡಿಸೆಂಬರಿನಲ್ಲಿ ಫ್ಲಾರಿಡಾ ರಾಜ್ಯದ ಒರ್ಲಾಂಡೊಗೆ ಹೊರಟಿದ್ದಾರೆ. ಅಲ್ಲಿ 1971ರಲ್ಲಿ ಬಾಗಿಲು ತೆರೆದ ಡಿಸ್ನಿಯವರ ದೊಡ್ಡ ವಿಹಾರಧಾಮವಿದೆ. ಅವರದೇ ಹೋಟೆಲೊಂದರಲ್ಲಿ 'ಶೆಫ್ ಮಿಕ್ಕೀಸ್' ಎಂಬ ಊಟದ ಮನೆ. ನೀವು ಊಟಕ್ಕೆ ಕುಳಿತಿರುವಾಗ ಮಿಕ್ಕಿ ಇಲಿ, ಮಿನ್ನಿ, ಡೊನಾಲ್ಡ್ ಬಾತುಕೋಳಿ, ಗೂಫಿ, ಪ್ಲೂಟೊ ಇವರ ವೇಷ ತೊಟ್ಟವರು ಒಂದೊಂದೇ ಮೇಜಿಗೆ ಬಂದು ಮಕ್ಕಳನ್ನು ತಬ್ಬಿಕೊಂಡು, ಅವರ ಪುಸ್ತಕದಲ್ಲಿ ರುಜು ಹಾಕಿ, ಫೋಟೋಗೆ ನಿಂತು ಮುಂದಕ್ಕೆ ಹೋಗುತ್ತಾರೆ. ಅವರು ಮಾತಾಡುವಂತಿಲ್ಲ, ಎಲ್ಲ ಕೈಸನ್ನೆಯಲ್ಲೇ. ರಾತ್ರಿಯ ಊಟಕ್ಕೆ ದೊಡ್ಡವರಿಗೆ ತಲಾ 60 ಡಾಲರಿಗೂ ಹೆಚ್ಚು. ಮೂರು ವರ್ಷ ತುಂಬದ ಮಕ್ಕಳಿಗೆ ದುಡ್ಡಿಲ್ಲ, ಹತ್ತಕ್ಕೆ ಕಾಲಿಟ್ಟರೆ ದೊಡ್ಡವರ ಲೆಕ್ಕ. ತೆರಿಗೆ, ಭಕ್ಷೀಸು ಸೇರಿದರೆ ನಮ್ಮ ಮೂವರದು 200 ಡಾಲರ್ ದಾಟುತ್ತದೆ. ನಮ್ಮ ದುಡ್ಡಿನಲ್ಲಿ ಹದಿನೇಳು ಹದಿನೆಂಟು ಸಾವಿರ ರೂಪಾಯಿ, ಒಂದು ಹೊತ್ತಿನ ಊಟಕ್ಕೆ!

"ಅಮ್ಮ, ಪಾರ್ಕಿನಲ್ಲಿ ಮಿಕ್ಕಿ ಜೊತೆ ಒಂದು ನಿಮಿಷ ನಿಲ್ಲೋದಕ್ಕೆ ಗಂಟೆಗಟ್ಟಲೆ ಕ್ಯೂ ನಿಲ್ಲಬೇಕು. ಇಲ್ಲಿ ಅವನೇ ನಮ್ಮ ಹತ್ರ ಬರ್ತಾನೆ" ಎಂದಳು ಮಗಳು.

"ಅತ್ತೆ, ಅಲ್ಲಿ ಕೊಡೋದು ಅದೇ ಪಾಸ್ತಾ, ಅದೇ ಆಲೂಗಡ್ಡೆ. ಮುಖವಾಡಕ್ಕೆ ಇಷ್ಟು ದುಡ್ಡಾ? ನೀವೇ ಹೇಳಿ" ಎಂದರು ಅಳಿಯಂದಿರು.

ಮೂವತ್ತು ವರ್ಷ ಮಕ್ಕಳ ಜಗಳ ಬಿಡಿಸಿದವಳಿಗೆ ಈ ಪಂಚಾಯಿತಿ ತಪ್ಪುವ ಹಾಗಿರಲಿಲ್ಲ. ಆದರೆ ತೀರ್ಪು ಹೇಳುವುದು ನಾನೆಣಿಸಿದಷ್ಟು ಸುಲಭವಾಗಲಿಲ್ಲ.

ನಮ್ಮ ಅಳಿಯಂದಿರು ಜಿಪುಣರಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯೊಂದರಿಂದ ಹೋದವರು. ಅವರ ಇಂಜಿನಿಯರಿಂಗ್ ಮೊದಲ ವರ್ಷದ ಫೀಜಿಗೆ ಬೀಗರು ಕರೆಯುವ ಹಸು ಎರಡನ್ನು ಮಾರಿದ್ದರು. ಹಾಗಾಗಿ ಹದಿನೆಂಟು ಸಾವಿರ ಎಂದರೆ ಅವರ ಕಣ್ಣಿಗೆ ಅಂಕಿ ಕಾಣುವುದಿಲ್ಲ, ಹಸು ಕಾಣುತ್ತದೆ. ಇದನ್ನು ಹಗುರವಾಗಿ ನೋಡುವುದು ನನ್ನಿಂದಾಗದು. ದುಡ್ಡಿಗೆ ಮುಖವಿರುವುದು ಒಳ್ಳೆಯದೇ. ನಮ್ಮ ಎಷ್ಟೋ ಮನೆಗಳಲ್ಲಿ ಮುಖವಿಲ್ಲದ ದುಡ್ಡು ಬಂದ ಮೇಲೆಯೇ ಕೇಡು ಶುರುವಾಗಿದ್ದು.

ಆದರೆ ಈ ಹೋಲಿಕೆಗೆ ಕೊನೆಯೆಲ್ಲಿ? ನಮ್ಮ ಕನ್ನಂಬಾಡಿ ಕಟ್ಟೆಯನ್ನೇ ನೋಡಿ. 1911ರಲ್ಲಿ ಕೆಲಸ ಶುರುವಾಗಿ ಇಪ್ಪತ್ತು ವರ್ಷ ಎಳೆದ ಕಟ್ಟೆ ಅದು. ಅದರ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯದ ಬೆಂಗಾಡನ್ನು ಕಬ್ಬು ಭತ್ತದ ಗದ್ದೆ ಮಾಡಿತು. ಅಂಥ ಕಟ್ಟೆಯ ಬುಡದಲ್ಲಿ, ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಹೂದೋಟ ಮಾಡಿಸಿ, ಕಾರಂಜಿ ಚಿಮ್ಮಿಸಿ, ಅದಕ್ಕೆ ಬಣ್ಣದ ದೀಪ ಹಾಕಿಸಿದರು. ಆ ಕಾರಂಜಿಯ ನೀರಿನಿಂದ ಒಂದು ಕುಂಟೆ ಗದ್ದೆಯೂ ನೆನೆಯುವುದಿಲ್ಲ. ಆ ದುಡ್ಡಿನಲ್ಲಿ ಇನ್ನೊಂದು ತೂಬು ಮಾಡಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದಿತ್ತು. ಆದರೂ ನಮ್ಮ ರೈತರೇ ಸುಗ್ಗಿ ಮುಗಿಸಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದು ನಿಲ್ಲುವುದು ಕಾರಂಜಿಯ ಮುಂದೆಯೇ ಹೊರತು ತೂಬಿನ ಮುಂದಲ್ಲ. ಊರಿಗೆ ಕಳಿಸುವ ದುಡ್ಡನ್ನು ಕಳಿಸಿ, ಸಾಲವಿಲ್ಲದೆ, ವರ್ಷಕ್ಕೊಮ್ಮೆ ಒಂದು ಹೊತ್ತು ಕಾರಂಜಿಗೆ ಖರ್ಚು ಮಾಡಿದರೆ ಅದು ಪಾಪವೆಂದು ನನಗೆ ಅನ್ನಿಸುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಈ ವಿಷಯ ಎತ್ತಿದಾಗ ನಮ್ಮ ವಿಜ್ಞಾನದ ಮೇಡಂ ಬೇರೆಯದೇ ಆಕ್ಷೇಪ ತೆಗೆದರು. "ದುಡ್ಡಿನ ಮಾತು ಬಿಡ್ರೀ. ಯಾರೋ ಬಟ್ಟೆ ತೊಟ್ಟುಕೊಂಡು ಬಂದವನನ್ನ ಇವನೇ ಮಿಕ್ಕಿ ಅಂತ ಮಗುವಿಗೆ ಸುಳ್ಳು ಹೇಳೋದು ಸರಿಯಾ?" ನಾನು ನಕ್ಕೆ. ವೇಷವೆಂದರೆ ಸುಳ್ಳು ಎನ್ನುವುದಾದರೆ ನಮ್ಮ ಜಿಲ್ಲೆಯಲ್ಲಿ ನಿಜವೇ ಉಳಿಯುವುದಿಲ್ಲ. ನಾಗಮಂಗಲದ ಕಡೆ ಸೋಮನ ಕುಣಿತದಲ್ಲಿ ಆ ದೊಡ್ಡ ಕಣ್ಣಿನ ಮುಖವಾಡಕ್ಕೆ ಪೂಜೆಯಾಗುತ್ತದೆ. ಹೊತ್ತವನು ಯಾರ ಮನೆಯವನೆಂದು ಕೈಮುಗಿಯುವವರಿಗೆಲ್ಲ ಗೊತ್ತು. ದಸರೆಯ ಮೆರವಣಿಗೆಯ ಗಾರುಡಿಗೊಂಬೆಯನ್ನು ನೀವೂ ನೋಡಿರಬಹುದು. ಬಿದಿರು ಹೆಣೆದು ಮಾಡಿದ ಹತ್ತು ಹನ್ನೆರಡು ಅಡಿಯ ಗೊಂಬೆ, ಒಳಗೆ ಹೊತ್ತು ಕುಣಿಯುವ ಮನುಷ್ಯ. ಅವನಿಗೆ ದಾರಿ ಕಾಣಲೆಂದು ಗೊಂಬೆಯ ಹೊಟ್ಟೆಯ ಹತ್ತಿರ ಒಂದು ಕಿಂಡಿ ಇರುತ್ತದೆ. ಮಕ್ಕಳು ಮೊದಲು ಗೊಂಬೆಯ ಮುಖ ನೋಡಿ ಹೆದರುತ್ತವೆ, ಆಮೇಲೆ ಬಗ್ಗಿ ಕಿಂಡಿಯಲ್ಲಿ ಕಣ್ಣು ಹುಡುಕುತ್ತವೆ. ಕಣ್ಣು ಸಿಕ್ಕಿದ ಮೇಲೂ ಗೊಂಬೆ ತಲೆಯಲ್ಲಾಡಿಸಿದರೆ ಮತ್ತೆ ಕಿರುಚಿಕೊಂಡು ಓಡುತ್ತವೆ. ಮಕ್ಕಳಿಗೆ ಎರಡೂ ಒಟ್ಟಿಗೆ ಗೊತ್ತಿರುತ್ತದೆ. ನಮಗೇ ಅದು ಮರೆತುಹೋಗಿರುವುದು.

ಹಾಗಾದರೆ ಆ ದುಡ್ಡು ಯಾವುದಕ್ಕೆ? ಊಟಕ್ಕಂತೂ ಅಲ್ಲ. ಬಟ್ಟೆಗೂ ಅಲ್ಲ ಎನ್ನುವುದು ನನಗೆ ಹೊಳೆದದ್ದು ರಾಮನಗರದ ಹತ್ತಿರದ ಜಾನಪದ ಲೋಕದಲ್ಲಿ. ನಮ್ಮ ನಾಗಮಂಗಲ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು ಕಟ್ಟಿ, 1994ರಲ್ಲಿ ಜನಕ್ಕೆ ತೆರೆದ ಜಾಗ ಅದು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನೋಡಿದ್ದೇನೆ. ಮುಖವಾಡ, ಕಿರೀಟ, ವೇಷಭೂಷಣಗಳ ಮುಂದೆ ಮಕ್ಕಳು ಒಂದು ಗಳಿಗೆ ನಿಲ್ಲುತ್ತವೆ, ಮೇಷ್ಟರು ಹೇಳಿದ್ದನ್ನು ಬರೆದುಕೊಳ್ಳುತ್ತವೆ, ಮುಂದಕ್ಕೆ ಹೋಗುತ್ತವೆ. ಅಂಥದೇ ವೇಷವನ್ನು ಒಬ್ಬ ಕಲಾವಿದ ತೊಟ್ಟು ಅಂಗಳಕ್ಕೆ ಬಂದರೆ ಸಾಲು ಮುರಿದು ನುಗ್ಗುತ್ತವೆ. ಮನುಷ್ಯನಿಲ್ಲದ ವೇಷ ಬರೀ ಬಟ್ಟೆ. ಅಂದರೆ ಮಗಳು ಕೊಡಹೊರಟಿರುವ 200 ಡಾಲರು ಒಳಗಿರುವ ಮನುಷ್ಯ ತನ್ನ ಮಗುವಿನ ಜೊತೆ ಕಳೆಯುವ ಎರಡು ಮೂರು ನಿಮಿಷಕ್ಕೆ. ಇಷ್ಟು ಗೊತ್ತಾದ ಮೇಲೆ ದುಬಾರಿಯೋ ಅಗ್ಗವೋ ಎನ್ನುವ ಪ್ರಶ್ನೆಗಿಂತ ಇನ್ನೊಂದು ನನ್ನನ್ನು ಕಾಡತೊಡಗಿತು. ನಾವೆಲ್ಲ ಊಟ ಮಾಡುವಾಗ ಆ ಮನುಷ್ಯನನ್ನು ನಾವು ಏನೆಂದು ತಿಳಿದಿರುತ್ತೇವೆ?

ಪಾಂಡವಪುರ ತಾಲ್ಲೂಕಿನ ನನ್ನ ತವರಿಗೆ ನಾನು ಚಿಕ್ಕವಳಿದ್ದಾಗ ಹಗಲುವೇಷದವರು ಬರುತ್ತಿದ್ದರು. ಊರಾಚೆ ಬಿಡಾರ ಹಾಕಿ ನಾಲ್ಕಾರು ದಿನ ಇದ್ದು, ದಿನಕ್ಕೊಂದು ವೇಷದಲ್ಲಿ ಮನೆ ಮುಂದೆ ಬಂದು ಹಾಡಿ, ಕೊನೆಯ ದಿನ ದವಸ ಎತ್ತಿಕೊಂಡು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಹನುಮಂತನ ವೇಷದವನು ನಮ್ಮ ಜಗಲಿಯ ಮೇಲೆ ಸುಸ್ತಾಗಿ ಕೂತ. ಅವ್ವ ಒಳಗಿಂದ ಕೂಗಿ, "ಉಣ್ಣಪ್ಪ, ಬಿಸಿಲು ಇಳೀಲಿ" ಎಂದರು. ಅವನು ಮುಖಕ್ಕೆ ಕಟ್ಟಿದ್ದ ಮೂತಿಯನ್ನು ಬಿಚ್ಚಿ ಪಕ್ಕಕ್ಕಿಟ್ಟು, ಬಟ್ಟೆಯ ಬಾಲವನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು, ಮುದ್ದೆ ಮುರಿದು ಹುರುಳಿ ಸಾರಿಗೆ ಅದ್ದಿ ನುಂಗಿದ. ಸಾರು ಬಡಿಸುವ ಕೆಲಸವನ್ನು ಅವ್ವ ನನಗೆ ಕೊಟ್ಟರು. ಎರಡನೇ ಸಲ ಹಾಕಿದಾಗ, "ಸಾಕು ತಾಯಿ" ಎಂದ. ನನಗಾಗ ಆರು ವರ್ಷವಿರಬೇಕು. ಹನುಮಂತ ನನ್ನನ್ನು ತಾಯಿ ಎಂದ! ಅವನ ಗಲ್ಲದ ಮೇಲೆ ಬೆವರಿಗೆ ಬಣ್ಣ ಇಳಿದಿದ್ದು ಕಾಣುತ್ತಿತ್ತು, ಮನುಷ್ಯನೆಂದು ಚೆನ್ನಾಗಿ ಗೊತ್ತಾಗುತ್ತಿತ್ತು. ಅಷ್ಟಾದರೂ ಶಾಲೆಯಲ್ಲಿ ನಾನು ಹೇಳಿಕೊಂಡು ಬಂದದ್ದು ನಮ್ಮನೆಗೆ ಹನುಮಂತ ಉಣ್ಣಲು ಬಂದಿದ್ದ ಎಂದೇ. (ಅವನನ್ನು ಜಗಲಿಯಲ್ಲೇ ಕೂರಿಸಿದ್ದರು, ನಡುಮನೆಗೆ ಕರೆಯಲಿಲ್ಲ ಎನ್ನುವುದೂ ಆ ಕಾಲದ ನಿಜವೇ. ಹಳೆಯದೆಲ್ಲ ಚಿನ್ನವಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ.)

ಒರ್ಲಾಂಡೊದ ಊಟದ ಮನೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಮನೆಯವರು ಉಣ್ಣುತ್ತಾರೆ, ವೇಷದವನು ನಿಂತಿರುತ್ತಾನೆ. ಅವನಿಗೆ ಬಡಿಸುವ ಭಾಗ್ಯ ಮಗುವಿಗಿಲ್ಲ.

ಅಷ್ಟು ದೂರವೇಕೆ, ಇಲ್ಲೇ ನೋಡಿದ್ದನ್ನು ಹೇಳುತ್ತೇನೆ. ಎರಡು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರ ಮೊಮ್ಮಗನ ಹುಟ್ಟುಹಬ್ಬಕ್ಕೆ ಹೆದ್ದಾರಿಯ ಒಂದು ರೆಸಾರ್ಟಿಗೆ ಹೋಗಿದ್ದೆ. ಟಿವಿಯ ಛೋಟಾ ಭೀಮ್ ಮೇಜುಗಳ ನಡುವೆ ಓಡಾಡುತ್ತಿದ್ದ. ನಾನು ಕೈ ತೊಳೆಯಲು ಹಿಂದಕ್ಕೆ ಹೋದಾಗ, ಆ ದೊಡ್ಡ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಒಬ್ಬ ಹುಡುಗ ಕೂತಿದ್ದ, ತಲೆಗೂದಲೆಲ್ಲ ತೊಪ್ಪೆಯಾಗಿತ್ತು. ನನ್ನನ್ನು ಕಂಡು ಎದ್ದು ನಿಂತ. "ಮಿಸ್!" ನನ್ನ ಹತ್ತಿರವೇ ಏಳನೆಯ ತರಗತಿ ಓದಿದವನು.

"ಸೆಕೆ ಆಗಲ್ವೇನೋ?" ಎಂದೆ.

"ಪುಟ್ಟ ಮಕ್ಳು ಬಂದು ತಬ್ಕೊಂಡ್ರೆ ಸೆಕೆ ಗೊತ್ತಾಗಲ್ಲ ಮಿಸ್. ದೊಡ್ಡೋರದ್ದೇ ಕಷ್ಟ. ಮಾತಾಡ್ಸಲ್ಲ. ಭುಜ ಹಿಡ್ಕೊಂಡು ಆ ಕಡೆ ತಿರುಗ್ಸಿ, ಈ ಕಡೆ ತಿರುಗ್ಸಿ ಫೋಟೋ ಹೊಡ್ಕೊಂಡು ಹೋಗ್ತಾರೆ."

"ಊಟ ಆಯ್ತಾ?"

"ಗೆಸ್ಟ್‌ಗಳದ್ದೆಲ್ಲ ಮುಗಿದ್ಮೇಲೆ ಮಿಸ್."

ಆಗ ಮಧ್ಯಾಹ್ನ ಮೂರೂವರೆ. ಒಳಗೆ ಐಸ್‌ಕ್ರೀಮು ಇನ್ನೂ ಶುರುವಾಗಿರಲಿಲ್ಲ. ನಾನು ಹೋಗಿ ಒಂದು ತಟ್ಟೆಗೆ ಅನ್ನ, ಪಲ್ಯ, ಎರಡು ಹೋಳಿಗೆ ಹಾಕಿಸಿಕೊಂಡು ಬಂದೆ. ಅವನು ಹಿಂದೆ ಮುಂದೆ ನೋಡಿ, ಗೋಡೆಯ ಕಡೆ ತಿರುಗಿಕೊಂಡು ತಿಂದ. ಇದು ಯಾವುದೋ ಒಂದು ರೆಸಾರ್ಟಿನ ಕೇಡು ಎಂದು ಬರೆಯುತ್ತಿಲ್ಲ. ಮದುವೆ ಛತ್ರದ ಬಾಗಿಲಲ್ಲಿ ಪೇಟ ಮೀಸೆ ಇಟ್ಟುಕೊಂಡು ಮಹಾರಾಜನ ಹಾಗೆ ನಿಂತು ಪನ್ನೀರು ಚಿಮುಕಿಸುವವನಿಗೆ ಊಟವಾಯಿತೇ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ವೇಷದೊಳಗಿನವರು ಈಗ ಅಮೆರಿಕದಲ್ಲಿ ಬಾಯಿ ಬಿಟ್ಟಿದ್ದಾರೆ. 2024ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ವೇಷಧಾರಿಗಳು, ಮೆರವಣಿಗೆಯವರು ಎಲ್ಲ ಸೇರಿ ಸುಮಾರು 1,700 ಮಂದಿಯ ನಡುವೆ ಮತದಾನ ನಡೆದು, ನಟರ ಸಂಘದ ಜೊತೆ ಸೇರಿಕೊಳ್ಳಬೇಕೆಂದು ತೀರ್ಮಾನವಾಯಿತು. ಕೂಲಿ, ಸುರಕ್ಷತೆ, ವೇಷದ ಬಟ್ಟೆಯ ಶುಚಿ ಇವೇ ಅವರ ಮಾತುಗಳು. ಮಾತಾಡಬಾರದೆಂಬ ಕಟ್ಟಳೆಯಲ್ಲಿ ದುಡಿಯುವವರು ಮಾತಾಡಿದರಲ್ಲ ಎಂದು ಓದಿ ನನಗೆ ಸಮಾಧಾನವಾಯಿತು. ನನ್ನ ಹಳೆಯ ವಿದ್ಯಾರ್ಥಿಗೆ ಅಂಥ ಸಂಘವೂ ಇಲ್ಲ.

ಇದನ್ನೆಲ್ಲ ಯೋಚಿಸಿ, ಒಂದು ಭಾನುವಾರ ಇಬ್ಬರನ್ನೂ ಫೋನಿನ ಮುಂದೆ ಕೂರಿಸಿ ನನಗೆ ತೋಚಿದ್ದು ಹೇಳಿದೆ. ಹೋಗಿ. ರಾತ್ರಿಯ ಊಟ ಬೇಡ, ಬೆಳಗಿನ ತಿಂಡಿಗೆ ದರ ಸ್ವಲ್ಪ ಕಡಿಮೆಯಂತೆ, ಅದಕ್ಕೆ ಹೋಗಿ. ಮಗುವೂ ಆಗ ಗೆಲುವಾಗಿರುತ್ತದೆ. ಒಂದೇ ಸಲ ಹೋಗಿ, ಇನ್ನೊಂದು ವೇಷದ ಊಟಕ್ಕೆ ಮತ್ತೆ ಕಾಸು ಸುರಿಯಬೇಡಿ. ನಾಲ್ಕು ವರ್ಷ ಇದಕ್ಕೆ ಸರಿಯಾದ ವಯಸ್ಸು. ಎರಡಕ್ಕೆ ಹೆದರಿ ಅಳುತ್ತಿದ್ದಳು, ಹತ್ತಕ್ಕೆ ಮುಖ ತಿರುಗಿಸುತ್ತಾಳೆ. ಫೋಟೋ ಒಂದು ಸಾಕು, ಉಳಿದ ಹೊತ್ತು ಫೋನು ಚೀಲದಲ್ಲಿರಲಿ. ಮಿಕ್ಕಿ ಬಂದಾಗ ಅವನನ್ನು ತಿರುಗಿಸಬೇಡಿ, ಮಗು ಬೇಕಾದರೆ ತಿರುಗಲಿ. ವೇಷದವರು ಭಕ್ಷೀಸು ಮುಟ್ಟುವುದಿಲ್ಲವಂತೆ. ಅದಕ್ಕೇ ಮಗುವಿನ ಕೈಯಲ್ಲಿ ಏನಾದರೂ ಒಂದು ಕೊಡಿಸಿ, ಅವಳೇ ಬರೆದ ಒಂದು ಚಿತ್ರವಾದರೂ ಆದೀತು. ಒಳಗೆ ಯಾರಿದ್ದರು ಎಂದು ಅವಳಾಗಿ ಕೇಳಿದರೆ ಒಬ್ಬ ಅಕ್ಕನೋ ಅಣ್ಣನೋ ಇದ್ದರು ಎಂದು ಹೇಳಿ. ಕೇಳದಿದ್ದರೆ ನೀವಾಗಿ ಹೇಳಬೇಡಿ.

ಮಗಳು ಸುಮ್ಮನೆ ಕೇಳಿಸಿಕೊಂಡಳು. ಅಳಿಯಂದಿರು ಸ್ವಲ್ಪ ಹೊತ್ತು ಬಿಟ್ಟು, "ಅತ್ತೆ, ನೀವು ಹೇಳೋದು ಸರಿ. ಆದ್ರೂ ಎರಡು ಹಸು ಅತ್ತೆ" ಎಂದು ನಕ್ಕರು. ಅವರು ಪೂರ್ತಿ ಒಪ್ಪಿದ್ದಾರೆಂದು ನಾನು ಹೇಳಲಾರೆ, ಒಪ್ಪಬೇಕೆಂದು ಒತ್ತಾಯವನ್ನೂ ಮಾಡಲಿಲ್ಲ. ಅಲ್ಲಿ ಅರವತ್ತು ದಿನ ಮೊದಲೇ ಮೇಜು ಗೊತ್ತುಮಾಡಬೇಕಂತೆ. ಮಗಳು ಬೆಳಗಿನ ಜಾವ ಎದ್ದು ಕೂತು ಗೊತ್ತುಮಾಡಿದಳು. ಮೊಮ್ಮಗಳು ಮೂರು ಚಿತ್ರ ಬರೆದು, ಮೂರೂ ಚೆನ್ನಾಗಿಲ್ಲವೆಂದು ಹರಿದುಹಾಕಿ, ಈಗ ನಾಲ್ಕನೆಯದಕ್ಕೆ ಕೂತಿದ್ದಾಳಂತೆ.