ನಿಯತವಾದುದೆಲ್ಲ ವಿದಿತವೇ?

ಮುಂದಾಗುವುದೆಲ್ಲವೂ ನಿಯಮಬದ್ಧವಾಗಿದ್ದರೆ, ಆ ನಿಯಮವನ್ನು ಬಲ್ಲವನು ಮುಂದಾಗುವುದನ್ನೂ ಬಲ್ಲನೆಂಬುದು ಸಾಮಾನ್ಯವಾದ ನಂಬಿಕೆ. ನಿಯತತ್ವವೂ ಪೂರ್ವಜ್ಞಾನವೂ ಒಂದೇ ಅಲ್ಲವೆಂಬುದನ್ನು, ಆಕಸ್ಮಿಕಕ್ಕಾಗಲಿ ಮನುಷ್ಯನ ಇಚ್ಛೆಗಾಗಲಿ ಎಡೆಯೇ ಇಲ್ಲದ ಅಂಕಗಣಿತದಲ್ಲಿಯೇ ಕಾಣಬಹುದು.

ಒಂದು ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಭಾಜಕಗಳನ್ನು, ಆ ಸಂಖ್ಯೆಯೊಂದನ್ನುಳಿದು, ಕೂಡಿಸಿ, ಬಂದ ಮೊತ್ತಕ್ಕೂ ಅದೇ ಕ್ರಿಯೆಯನ್ನು ನಡೆಸುತ್ತ ಹೋದರೆ ಒಂದು ಅನುಕ್ರಮವು ಹುಟ್ಟುತ್ತದೆ. 12ರ ಭಾಜಕಗಳಾದ 1, 2, 3, 4, 6 ಕೂಡಿ 16. ಅದರಿಂದ ಮುಂದೆ 15, 9, 4, 3, ಕಡೆಗೆ 1. ತಮ್ಮ ಭಾಜಕಗಳ ಮೊತ್ತಕ್ಕೆ ತಾವೇ ಸಮನಾಗಿ ನಿಂತಲ್ಲೇ ನಿಲ್ಲುವ 6, 28 ಇವನ್ನು ಗ್ರೀಕರು ಪರಿಪೂರ್ಣ ಸಂಖ್ಯೆಗಳೆಂದರು. 220 ಮತ್ತು 284 ಒಂದರಿಂದೊಂದು ಹುಟ್ಟುವುವು. 12496ರಿಂದ ಹೊರಟು ಐದು ಹೆಜ್ಜೆಗಳಲ್ಲಿ ಅಲ್ಲಿಗೇ ಮರಳುವ ಚಕ್ರವೊಂದನ್ನು 1918ರಲ್ಲಿ ಪೌಲ್ ಪುಲೆ ಕಂಡುಹಿಡಿದನು.

ಆದರೆ 138 ಎಂಬ ಸಾಧಾರಣ ಸಂಖ್ಯೆಯು 179931895322ರವರೆಗೆ ಏರಿ, 177ನೆಯ ಹೆಜ್ಜೆಯಲ್ಲಿ 1ಕ್ಕೆ ಇಳಿಯುವುದೆಂಬುದು ಅದರ ಮುಖವನ್ನು ನೋಡಿದರೆ ತಿಳಿಯುವಂಥದಲ್ಲ. 276ರ ಗತಿಯಂತೂ, ಗಣಕಯಂತ್ರಗಳು ಎರಡು ಸಾವಿರಕ್ಕೂ ಮಿಕ್ಕ ಪದಗಳನ್ನು ಗಣಿಸಿದ ಮೇಲೂ, ಇಂದಿಗೂ ಅಜ್ಞಾತ. ಯಾವ ಅನುಕ್ರಮವೂ ಮೇರೆಯಿಲ್ಲದೆ ಬೆಳೆಯದೆಂಬುದು ಕ್ಯಾಟಲಾನ್ ಮತ್ತು ಡಿಕ್ಸನ್ನರ ಹೆಸರಿನಲ್ಲಿ ಪ್ರಸಿದ್ಧವಾದ ಊಹೆ; ಸಮಸಂಖ್ಯೆಗಳಿಂದ ಹೊರಟವುಗಳಲ್ಲಿ ಹೆಚ್ಚಿನವು ಬೆಳೆಯುತ್ತಲೇ ಹೋಗುವುವೆಂಬುದು ಗೈ ಮತ್ತು ಸೆಲ್ಫ್ರಿಜ್ಜರ ಪ್ರತ್ಯೂಹೆ.

ಹಾಗಾದರೆ 276ರ ಗತಿಯು ಈಗಾಗಲೇ ನಿಶ್ಚಿತವಾಗಿದೆಯೆನ್ನಬಹುದೇ? ಸಂಖ್ಯೆಗಳಿಗೆ ನಮ್ಮ ಬುದ್ಧಿಯಿಂದ ಸ್ವತಂತ್ರವಾದ ಸತ್ತೆಯುಂಟೆನ್ನುವ ಪ್ಲೇಟೋವಿನ ಅನುಯಾಯಿಗಳು, ನಿಶ್ಚಿತವೇ, ನಾವು ಕಾಣಲಿಲ್ಲವಷ್ಟೆ ಎನ್ನುವರು. ಗಣಿತವು ಮನಸ್ಸಿನ ರಚನೆಯೆಂದ ಡಚ್ ಗಣಿತಜ್ಞ ಬ್ರೌವರ್‌ನ ಪಂಥದವರಾದರೋ, ಸತ್ಯ ಇಲ್ಲವೆ ಅದರ ನಿಷೇಧ, ಮೂರನೆಯ ದಾರಿಯಿಲ್ಲವೆಂಬ ತರ್ಕನಿಯಮವು ಅನಂತದ ವಿಷಯದಲ್ಲಿ ಸಲ್ಲದೆಂದು, ಸಾಧನೆಯಾಗುವವರೆಗೆ ಯಾವ ಪಕ್ಷವನ್ನೂ ಸತ್ಯವೆನ್ನಲು ಒಪ್ಪರು.

ಈ ಇಬ್ಬರಲ್ಲಿ ಯಾರು ಗೆದ್ದರೂ ಒಂದು ಮಾತು ನಿಲ್ಲುತ್ತದೆ. ನಿಯಮವು ನಮಗೆ ಕೊಡುವುದು ಮುಂದಿನ ಹೆಜ್ಜೆಯನ್ನು ಮಾತ್ರ. ಅನುಕ್ರಮವು ಮುಗಿಯುವುದಾದರೆ ಅಥವಾ ಚಕ್ರಕ್ಕೆ ಬೀಳುವುದಾದರೆ ಗಣಿಸುತ್ತ ಹೋದವನಿಗೆ ಎಂದಾದರೊಂದು ದಿನ ಅದು ತಿಳಿಯುವುದು. ಬೆಳೆಯುತ್ತಲೇ ಇರುವುದಾದರೆ ಎಷ್ಟು ಗಣಿಸಿದರೂ ತಿಳಿಯದು, ಅದಕ್ಕೆ ಯುಕ್ತಿಸಿದ್ಧವಾದ ಸಾಧನೆಯೊಂದೇ ಪ್ರಮಾಣ.