ಕುರಿಯ ನೆತ್ತರಿನ ಸಾಕ್ಷ್ಯ

ತಗಡೂರಿನ ಸುತ್ತಮುತ್ತ ಕುರಿ ಎಂದರೆ ಮೊದಲು ನೆನಪಾಗುವುದು ಬನ್ನೂರು ಕುರಿ. ಗಿಡ್ಡ ಕಾಲು, ತುಂಬಿದ ಮೈ, ಮಾಂಸಕ್ಕೆ ಹೆಸರುವಾಸಿ. ಹಬ್ಬಕ್ಕೆ ಕಡಿದಾಗ ನೆತ್ತರನ್ನೂ ಬಿಡದೆ ಹುರಿದು ತಿನ್ನುವವರಿದ್ದಾರೆ. ಕುರಿಯ ನೆತ್ತರಿಗೆ ಲೋಕದಲ್ಲಿ ಇನ್ನೊಂದು ಕೆಲಸವೂ ಇದೆ. ಸೋತ ಹೃದಯಕ್ಕೆ ಆಸರೆಯಾಗಿ ಮನುಷ್ಯನ ಎದೆಯೊಳಗೆ ಕೂರಿಸುವ ಪಂಪು ರಕ್ತವನ್ನು ಎಷ್ಟು ಹಾಳುಮಾಡುತ್ತದೆ ಎಂದು ಅದು ಸಾಕ್ಷಿ ಹೇಳಬೇಕು. ಆ ಸಾಕ್ಷ್ಯವನ್ನು ನಂಬಬಹುದೇ, ಅದನ್ನು ಕೇಳುವ ಹಕ್ಕು ನಮಗಿದೆಯೇ? ಮೊದಲನೆಯದನ್ನು ವಿಜ್ಞಾನಿಗೂ ಎರಡನೆಯದನ್ನು ನೀತಿವಂತನಿಗೂ ಹಂಚಿಬಿಡುವುದು ರೂಢಿ. ಎರಡೂ ಒಂದೇ ಪ್ರಶ್ನೆ ಎಂಬುದು ನನ್ನ ವಾದ.

1976ರಲ್ಲಿ ಅಮೆರಿಕದ ವೈದ್ಯ ರಿಚರ್ಡ್ ವಾಂಪ್ಲರ್ ಈಜಿಪ್ಟಿನ ಹಳ್ಳಿಯೊಂದರಲ್ಲಿ ತಿರುಪಿನ ಯಂತ್ರದಿಂದ ನೀರೆತ್ತುವುದನ್ನು ಕಂಡರು. ರಕ್ತವನ್ನೂ ಹೀಗೇ ತಿರುಗಿಸಿ ಸಾಗಿಸಬಹುದಲ್ಲ ಎನಿಸಿತು. ಅಷ್ಟು ವೇಗಕ್ಕೆ ರಕ್ತಕಣಗಳು ನುಚ್ಚುನೂರಾಗುತ್ತವೆ ಎಂದು ಬಲ್ಲವರು ಎಚ್ಚರಿಸಿದರು. ಆದರೂ 1988ರಲ್ಲಿ ವಾಂಪ್ಲರ್ ಅವರ ಹೀಮೋಪಂಪ್ ನಿಮಿಷಕ್ಕೆ ಸುಮಾರು 25,000 ಸುತ್ತು ತಿರುಗುತ್ತಾ ರೋಗಿಯೊಬ್ಬನ ಹೃದಯಕ್ಕೆ ನೆರವಾಯಿತು. ಇಪ್ಪತ್ತು ವರ್ಷದ ಬಳಿಕ, 2008ರಲ್ಲಿ, ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ವೆಂಟ್ರಅಸಿಸ್ಟ್ ಎಂಬ ಆಸ್ಟ್ರೇಲಿಯಾದ ಪಂಪನ್ನು ರೋಗಿಗೆ ಅಳವಡಿಸಿದರು. ಮನುಷ್ಯರಿಗೆ ಬರುವ ಮುನ್ನ ಅದು ಆಸ್ಟ್ರೇಲಿಯಾದ ಕುರಿಗಳ ಎದೆಯಲ್ಲಿ ತಿರುಗಿ ಬಂದಿತ್ತು.

ರಕ್ತ ಹಾಳಾಗುವುದು ಕಣ್ಣಿಗೆ ಕಾಣುತ್ತದೆ. ಪಂಪಿಗೆ ಕೊಳವೆ ಜೋಡಿಸಿ, ಸುಮಾರು ಅರ್ಧ ಲೀಟರ್ ರಕ್ತವನ್ನು ನಿಮಿಷಕ್ಕೆ 5 ಲೀಟರ್ ವೇಗದಲ್ಲಿ 6 ಗಂಟೆ ಸುತ್ತಿಸುತ್ತಾರೆ. ಆಗಾಗ ಸ್ವಲ್ಪ ರಕ್ತ ತೆಗೆದು ಸೆಂಟ್ರಿಫ್ಯೂಜಿಗೆ ಹಾಕುತ್ತಾರೆ. ಕಣಗಳು ತಳ ಸೇರಿ ಮೇಲೆ ಹುಲ್ಲಿನ ಬಣ್ಣದ ತಿಳಿ ನಿಲ್ಲುತ್ತದೆ. ಪಂಪು ಒರಟಾಗಿದ್ದರೆ ಆ ತಿಳಿ ಗುಲಾಬಿಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ. ರಭಸಕ್ಕೆ ಸಿಕ್ಕ ಕೆಂಪುಕಣದ ಪೊರೆ ಹಿಗ್ಗಿ, ತೂತು ಬಿದ್ದು, ಒಳಗಿನ ಹೀಮೋಗ್ಲೋಬಿನ್ ಸೋರಿರುತ್ತದೆ. ಮೈಯೊಳಗೆ ಹೀಗಾದರೆ ರಕ್ತನಾಳ ಬಿಗಿಯುತ್ತದೆ, ಮೂತ್ರ ಕಪ್ಪಾಗುತ್ತದೆ, ಮೂತ್ರಪಿಂಡ ಸೋಲಲೂಬಹುದು. ಕಣ ಒಡೆಯದಿದ್ದರೂ ವಾನ್ ವಿಲೆಬ್ರಾಂಡ್ ಎಂಬ ಉದ್ದನೆಯ ಪ್ರೋಟೀನು ರಭಸಕ್ಕೆ ಬಿಚ್ಚಿಕೊಂಡು ತುಂಡಾಗಬಹುದು. ಆಗ ಕರುಳಿನಲ್ಲಿ ರಕ್ತ ಸೋರಿಕೆ ಶುರುವಾಗಬಹುದು.

ಆದರೆ ಯಾರ ರಕ್ತ? ಮನುಷ್ಯನ ಕೆಂಪುಕಣದ ಅಗಲ ಏಳೂವರೆ ಮೈಕ್ರಾನ್, ಹಂದಿಯದು 6ರ ಆಸುಪಾಸು, ಹಸುವಿನದು ಐದೂವರೆ, ಕುರಿಯದು ನಾಲ್ಕೂವರೆ, ಮೇಕೆಯದು 4ಕ್ಕೂ ಕಡಿಮೆ. ನಿಧಾನವಾಗಿ ಹರಿಯುವಾಗ ನಮ್ಮ ಕಣಗಳು ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕುರಿ, ಹಸುಗಳಲ್ಲಿ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ. ಕಣದ ಆಯುಷ್ಯ, ಪೊರೆಯ ಗಡಸು, ಎಲ್ಲವೂ ಬೇರೆ. ಹಾಗಾಗಿ ಒಂದೇ ಪಂಪು, ಒಂದೇ ವೇಗ ಇದ್ದರೂ ಹಾನಿಯ ಲೆಕ್ಕ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ.

ಹಾಗಿದ್ದರೂ ಕುರಿಯನ್ನೇ ಏಕೆ ಆರಿಸುತ್ತಾರೆ? ದೊಡ್ಡ ತಳಿಯ ಕುರಿಗೆ ಮನುಷ್ಯನಷ್ಟೇ ತೂಕ, ಎದೆಯಲ್ಲಿ ಪಂಪಿಗೆ ಜಾಗ, ಮೇಲಾಗಿ ಸಾಧು ಸ್ವಭಾವ. ನಮ್ಮ ಬನ್ನೂರು ಕುರಿ ಗಿಡ್ಡವೆಂಬ ಕಾರಣಕ್ಕೇ ಬಚಾವಾಗುತ್ತದೆ. ಅಂದರೆ ಆಯ್ಕೆಗೆ ಕಾರಣವಾದ ಹೋಲಿಕೆ ತೂಕದ್ದು, ಕೇಳುವ ಪ್ರಶ್ನೆ ರಕ್ತದ್ದು. ನನ್ನ ತಕರಾರು ಇಲ್ಲೇ. 'ಪ್ರಾಣಿ ನಮ್ಮ ಹಾಗಿದೆ' ಎಂಬ ಮಾತಿಗೆ ಇಡಿಯಾಗಿ ಅರ್ಥವಿಲ್ಲ. ಯಾವುದರಲ್ಲಿ ನಮ್ಮ ಹಾಗೆ ಎಂದು ಪ್ರತಿ ಸಲವೂ ಕೇಳಬೇಕು. ಉತ್ತರ ಕೊಡಲಾರದ ಜೀವಿಯನ್ನು ನೋಯಿಸುವುದು ಕೆಟ್ಟ ವಿಜ್ಞಾನವಾದ ಗಳಿಗೆಯಲ್ಲೇ ಅನ್ಯಾಯವೂ ಆಗುತ್ತದೆ. ಅದನ್ನು ಸಮರ್ಥಿಸಲು ಇದ್ದ ಒಂದೇ ಆಧಾರ ಅದರಿಂದ ಸಿಗುವ ಉತ್ತರ.

ಗಾಂಧೀಜಿ ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ. 1909ರ 'ಹಿಂದ್ ಸ್ವರಾಜ್'ನಲ್ಲೇ ಅವರು ಜೀವಂತ ಪ್ರಾಣಿಗಳನ್ನು ಕೊಯ್ಯುವ ವೈದ್ಯವಿದ್ಯೆಯನ್ನು ಕಟುವಾಗಿ ಖಂಡಿಸಿದ್ದರು. ಅವರ ದಾರಿ ಹಿಡಿದು ಖಾದಿಗೆ, ಅಸ್ಪೃಶ್ಯತೆಯ ನಿವಾರಣೆಗೆ ದುಡಿದ ತಗಡೂರು ರಾಮಚಂದ್ರರಾಯರ ಊರಿನ ನೆಲದಲ್ಲಿ ನಿಂತು ಆ ಮಾತನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಾಗದು. ಆದರೂ ಪೂರ್ತಿ ಒಪ್ಪಲಾರೆ. ವಾರಗಳು ಕಳೆದಂತೆ ಪಂಪಿನೊಳಗೆ ಹೆಪ್ಪು ಕಟ್ಟುತ್ತದೆಯೇ, ಮೂತ್ರಪಿಂಡ ತಾಳುತ್ತದೆಯೇ ಎಂಬುದು ಕೊಳವೆಯಲ್ಲಿ ತಿಳಿಯದು. ಅದಕ್ಕೆ ಉಸಿರಾಡುವ ಮೈ ಬೇಕು. ಪರೀಕ್ಷೆಯಾಗದ ಪಂಪನ್ನು ಸಾಯುತ್ತಿರುವ ಮನುಷ್ಯನಿಗೆ ಕೂರಿಸುವುದೂ ಒಂದು ಪ್ರಯೋಗವೇ, ಅವನು ಇಲ್ಲವೆನ್ನುವ ಸ್ಥಿತಿಯಲ್ಲಿರುವುದಿಲ್ಲ.

ಕಣ ಎಷ್ಟು ಒಡೆಯುತ್ತದೆ ಎಂಬ ಪ್ರಶ್ನೆಯ ಮಾತೇ ಬೇರೆ. ಅದಕ್ಕೆ ಬೇಕಾದ್ದು ಅರ್ಧ ಲೀಟರ್, ರಕ್ತದಾನದ ಒಂದು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟನ್ನು ಮನುಷ್ಯರೇ ಒಪ್ಪಿ ಕೊಡಬಹುದು. ರೋಗಿಗಳಿಗೇ ರಕ್ತ ಸಾಲದಿರುವಾಗ ಯಂತ್ರಕ್ಕೆ ಸುರಿಯುವುದೇ ಎಂಬ ಆಕ್ಷೇಪ ಬರುತ್ತದೆ, ಅದು ಸುಳ್ಳಲ್ಲ. ಆದರೆ ಅದೇ ರೋಗಿಯ ಮೈಗೆ ನಾಳೆ ಸೇರುವ ಪಂಪಿಗಾಗಿ ಕೆಲವು ಚೀಲ ಎತ್ತಿಡುವುದು ದುಂದಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ನಮ್ಮಲ್ಲಿ ಪ್ರಯೋಗಕ್ಕೆ ಅನುಮತಿ ಕೇಳುವವರು ಅರ್ಜಿಯಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆಯಬೇಕು: ಪ್ರಾಣಿ ಏಕೆ ಬೇಕು, ಇದೇ ಜಾತಿಯ ಪ್ರಾಣಿ ಏಕೆ ಬೇಕು. ಹೃದಯದ ಪಂಪಿನ ಅರ್ಜಿಯಲ್ಲಿ ಎರಡನೆಯದಕ್ಕೆ 'ಮನುಷ್ಯನಷ್ಟು ತೂಕ' ಎಂದಷ್ಟೇ ಬರೆದಿದ್ದರೆ ಅನುಮತಿ ಕೊಡುವ ಸಮಿತಿ ಅದನ್ನು ಹಿಂದಿರುಗಿಸಬೇಕು. ಮನುಷ್ಯರ ರಕ್ತದಲ್ಲಿ ಇದೇ ಪಂಪು ಮಾಡಿದ ಹಾನಿಯೆಷ್ಟು, ಕುರಿಯ ರಕ್ತದಲ್ಲಿ ಮಾಡಿದ್ದೆಷ್ಟು ಎಂಬ ಎರಡು ಅಂಕಿಗಳು ಅಕ್ಕಪಕ್ಕದಲ್ಲಿ ಇಲ್ಲದೆ ಒಂದು ಕುರಿಯ ಎದೆಯನ್ನೂ ತೆರೆಯಲು ಬಿಡಬಾರದು.