ಹೋಗುವುದು ಯಾವಾಗ?

ನಮ್ಮ ಕರಾವಳಿಯಲ್ಲಿ, ಗಲ್ಫಿನಿಂದ ರಜೆಯಲ್ಲಿ ಬಂದವರಿಗೆ ಕೇಳುವ ಪ್ರಶ್ನೆಗಳು ಎರಡೇ. ‘ಬಂದದ್ದು ಯಾವಾಗ?’ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಹೇಳಿ ಮುಗಿಸುವ ಮೊದಲೇ ‘ಇನ್ನು ಹೋಗುವುದು ಯಾವಾಗ?’ ಎಂಬ ಎರಡನೆಯದು ಬಂದಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ, ಕೋಲದ ಗದ್ದೆಯಲ್ಲಿ, ಇಗರ್ಜಿಯ ಅಂಗಳದಲ್ಲಿ, ಮಸೀದಿಯ ಮೆಟ್ಟಿಲಿನಲ್ಲಿ, ಎಲ್ಲೇ ಸಿಗಲಿ, ಇದೇ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ‘ಊಟ ಆಯಿತಾ’ ಎಂದು ಕೇಳಿದಷ್ಟೇ ಸಹಜ.

ನಮ್ಮ ಪಕ್ಕದ ಮನೆಯ ಅಣ್ಣ ದುಬೈಯ ದೇರಾದಲ್ಲಿ 31 ವರ್ಷ ದುಡಿದು, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಬಂದರು. ಬಂದು ಎಂಟು ತಿಂಗಳಾಗಿತ್ತು. ಮೀನು ಮಾರುವ ಅಕ್ಕ ಬುಟ್ಟಿ ಇಳಿಸುತ್ತಾ ಕೇಳಿಯೇ ಬಿಟ್ಟರು: ‘ಅಣ್ಣ, ಹೋಗುವುದು ಯಾವಾಗ?’ ‘ಇನ್ನಿಲ್ಲ, ಕ್ಯಾನ್ಸಲ್ ಮಾಡಿ ಬಂದದ್ದು’ ಎಂದು ಅವರು ಒಳಗೆ ಬಂದು ಕೂತರು. ಆಮೇಲೆ ನನ್ನ ಕಡೆ ತಿರುಗಿ, ‘ಅಲ್ಲಿದ್ದಾಗ ಊರಿಗೆ ಹೋಗುವುದು ಯಾವಾಗ ಅಂತ ಕೇಳುತ್ತಿದ್ದರು. ಇಲ್ಲಿಗೆ ಬಂದರೆ ಅಲ್ಲಿಗೆ ಹೋಗುವುದು ಯಾವಾಗ ಅಂತ. ಇರುವುದು ಎಲ್ಲಿ ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿದ್ದಿಲ್ಲ ಮಾರಾಯ’ ಎಂದರು.

ಅಲ್ಲಿ ಮನುಷ್ಯನ ಇರವಿಗೆ ತಾರೀಖು ಹಾಕಿರುತ್ತಾರೆ. ಕೆಲಸದ ವೀಸಾ ಸಾಮಾನ್ಯವಾಗಿ 2 ವರ್ಷದ್ದು. ಮುಗಿಯುವ ಹೊತ್ತಿಗೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಎಲ್ಲ ಸರಿಯಿದ್ದರೆ ಇನ್ನೆರಡು ವರ್ಷ. ಆರು ತಿಂಗಳು ಮೀರಿ ದೇಶದ ಹೊರಗೆ ಉಳಿದರೆ ಸಾಮಾನ್ಯವಾಗಿ ಅದೂ ಬಿದ್ದುಹೋಗುತ್ತದೆ. ಈಚೆಗೆ 55 ದಾಟಿದ ಅನುಕೂಲಸ್ಥರಿಗೆ ಅಲ್ಲೇ ನಿವೃತ್ತ ಜೀವನ ಕಳೆಯಲು ವೀಸಾ ಕೊಡುತ್ತಾರೆ. ಅದಕ್ಕೂ 5 ವರ್ಷದ ತಾರೀಖು. ಹೊರಡುವಾಗ ಸಿಗುವ ಗ್ರಾಚ್ಯುಯಿಟಿಯ ಲೆಕ್ಕ ಇನ್ನೂ ವಿಚಿತ್ರ: ಮೊದಲ 5 ವರ್ಷಕ್ಕೆ, ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು, ಒಟ್ಟು ಮಾತ್ರ 2 ವರ್ಷದ ಸಂಬಳವನ್ನು ಮೀರುವಂತಿಲ್ಲ. ಅಣ್ಣನ 31 ವರ್ಷವೂ ಕೊನೆಗೆ ಎರಡು ವರ್ಷದ ಹಣವಾಗಿ ಕೈಗೆ ಬಂತು. ಅಂದರೆ, ಒಂದು ವೀಸಾದ ಆಯುಷ್ಯ. ಅಲ್ಲಿ ತೀರಿಕೊಂಡವರ ಹೆಣ ಊರಿಗೆ ಕಳಿಸಬೇಕಾದರೂ ಅವರ ವೀಸಾ ಮೊದಲು ರದ್ದಾಗಬೇಕು. ಸಾವು ಕೂಡ ಕಾಗದ ಕೇಳುತ್ತದೆ.

ಇಂಥ ಬಾಳು ಬಾಳಿದವರಿಗೆ ಅನಿತ್ಯದ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಭಾವಿಸಿದ್ದೆ. ಅಣ್ಣನ ಮಾತು ಕೇಳುತ್ತಾ ಹೋದಂತೆ ಅದು ತಪ್ಪೆಂದು ಗೊತ್ತಾಯಿತು. ದೇರಾದಲ್ಲಿ ಅವರದ್ದು ಆರು ಜನರ ಕೋಣೆ. ಎರಡಂತಸ್ತಿನ ಕಬ್ಬಿಣದ ಮಂಚದಲ್ಲಿ ಕೆಳಗಿನದು ಅವರ ಬೆಡ್‌ಸ್ಪೇಸ್. ಹಾಸಿಗೆ ನಡುವೆ ಕುಳಿಬಿದ್ದು ಬೆನ್ನುನೋವು ಹಿಡಿದರೂ ಹೊಸದು ತರಲಿಲ್ಲ. ‘ಎರಡು ವರ್ಷಕ್ಕೆ ಯಾಕೆ?’ ಹಾಗೆ ಹದಿನೈದು ಸಲ ಎರಡೆರಡು ವರ್ಷ ಕಳೆಯಿತು. ಒಳ್ಳೆಯ ತಟ್ಟೆ, ಒಳ್ಳೆಯ ಹೊದಿಕೆ, ಒಳ್ಳೆಯ ಗಡಿಯಾರ ಎಲ್ಲವೂ ಕಾರ್ಗೋ ಡಬ್ಬ ಸೇರಿ ಊರಿನ ಮನೆಗೆ ಹೋದವು. ಆ ಮನೆಯಲ್ಲಿ ತೇಗದ ಬಾಗಿಲು ನಿಂತಿತು. ದೊಡ್ಡ ಮಂಚಕ್ಕೆ ಹೊದಿಸಿದ ಪ್ಲಾಸ್ಟಿಕ್ ಕವರನ್ನು ಯಾರೂ ತೆಗೆಯಲಿಲ್ಲ. ಅಮ್ಮ ಕೊನೆಯವರೆಗೂ ಹಳೆಯ ಅಡುಗೆಕೋಣೆಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದರು. ಮಗ ಓದಿ ಕೆನಡಾಕ್ಕೆ ಹೋದ. ತಾತ್ಕಾಲಿಕ ಎಂದುಕೊಂಡ ಕೋಣೆ 31 ವರ್ಷ ಬಾಳಿತು. ಶಾಶ್ವತ ಎಂದು ಕಟ್ಟಿಸಿದ ಮನೆಯ ತಾರಸಿಗೆ ಹತ್ತೇ ಮಳೆಗಾಲದಲ್ಲಿ ಶೀಟು ಹೊದಿಸಬೇಕಾಯಿತು.

ಇದನ್ನು ದಡ್ಡತನ ಎನ್ನುವುದು ಸುಲಭ. ಆ ಕುಳಿಬಿದ್ದ ಹಾಸಿಗೆಯ ಮೇಲೆಯೇ ಇಬ್ಬರು ತಂಗಿಯರ ಮದುವೆ ನಡೆದಿದೆ, ಅಮ್ಮನ ಆಸ್ಪತ್ರೆಯ ಬಿಲ್ಲು ತೀರಿದೆ, ಮಗನ ಫೀಸು ಹುಟ್ಟಿದೆ. ಅವರು ಮುಂದೂಡಿದ್ದು ತಮ್ಮ ಸುಖವನ್ನು ಮಾತ್ರ, ಬೇರೆಯವರ ಹಸಿವನ್ನಲ್ಲ. ಆದರೆ ಲೆಕ್ಕದಲ್ಲಿ ಒಂದು ಕಡೆ ತಪ್ಪಿತ್ತು. ದೇರಾದ ಕೋಣೆ ಅನಿತ್ಯ, ಊರಿನ ಮನೆ ನಿತ್ಯ ಎಂದು ಅವರು ಬದುಕನ್ನು ಪಾಲು ಮಾಡಿದ್ದರು. ಅನಿತ್ಯಕ್ಕೆ ಪಾಲು ಗೊತ್ತಿಲ್ಲ. ಅದು ಗಡಿ ದಾಟುವಾಗ ಪಾಸ್‌ಪೋರ್ಟ್ ತೋರಿಸುವುದಿಲ್ಲ.

ಅವರನ್ನು ಕರೆಸಿಕೊಂಡ ನೆಲವಾದರೂ ನಿಂತಲ್ಲೇ ನಿಂತಿತ್ತೇ? ಒಂದು ಕಾಲದಲ್ಲಿ ಆ ಕಡಲತೀರದ ಬದುಕು ಮುತ್ತಿನ ಮೇಲಿತ್ತು. ಜಪಾನಿನಲ್ಲಿ ಮುತ್ತನ್ನು ಸಾಕಿ ಬೆಳೆಸುವುದು ಕಲಿತರು, ಜಗತ್ತಿನ ಮಾರುಕಟ್ಟೆ ಕುಸಿಯಿತು, 1930ರ ದಶಕದಲ್ಲಿ ಮುತ್ತಿನ ವ್ಯಾಪಾರ ಮುಳುಗಿತು. 1966ರವರೆಗೆ ದುಬೈಯ ಅಂಗಡಿಗಳಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿಯ ಲೆಕ್ಕವೇ. ಅದೇ ವರ್ಷ ಅಲ್ಲಿ ಕಡಲಡಿ ಎಣ್ಣೆ ಸಿಕ್ಕಿತು. ಆಮೇಲೆ ಹಣದ ಹರಿವು ದಿಕ್ಕು ಬದಲಿಸಿತು, ನಮ್ಮವರು ಅದರ ಹಿಂದೆ ಹೊರಟರು. ಇಂದು ಅಲ್ಲಿ ವಾಸವಿರುವ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನವರು. ಅತಿಥಿಗಳೇ ತುಂಬಿದ ಮನೆಯದು. ಗಲ್ಫಿನಲ್ಲೇ ಇನ್ನೊಂದು ಕಡೆ, 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ನಮ್ಮವರಿಗೆ ಬ್ಯಾಂಕಿನ ಪಾಸ್‌ಬುಕ್ಕು ಬೆಳಗಾಗುವುದರೊಳಗೆ ಬರೀ ಕಾಗದವಾಯಿತು. ಸುಮಾರು 1.70 ಲಕ್ಷ ಭಾರತೀಯರು, ಹೆಚ್ಚಿನವರು ಜೋರ್ಡಾನಿನ ಅಮ್ಮಾನ್ ದಾರಿಯಾಗಿ ವಿಮಾನ ಹತ್ತಿ, ಮರಳಿದರು. ಹಾಗೆ ಬಂದವರಲ್ಲಿ ಎಷ್ಟೋ ಜನ ಯುದ್ಧ ಮುಗಿದ ಮೇಲೆ ಮತ್ತೆ ಅಲ್ಲಿಗೇ ಹೋದರು. ಎರಡೂ ಕಡೆ ನೆಲ ಅಲುಗಾಡುತ್ತದೆಂದು ತಿಳಿದ ಮೇಲೂ ಮನುಷ್ಯ ಎಲ್ಲಾದರೂ ಕಾಲೂರಲೇಬೇಕಲ್ಲ.

ಊರು ಬಿಡದ ನಮ್ಮದೂ ಇದಕ್ಕಿಂತ ಬೇರೆ ಕತೆಯಲ್ಲ. ಸಾಲ ತೀರಲಿ, ಮಗಳ ಪರೀಕ್ಷೆ ಮುಗಿಯಲಿ, ರಿಟೈರ್ ಆಗಲಿ ಎನ್ನುತ್ತಾ ನಾವೂ ಒಳ್ಳೆಯ ತಟ್ಟೆಗಳನ್ನು ಕಪಾಟಿನಲ್ಲಿ ಕಟ್ಟಿಟ್ಟವರೇ. ವೀಸಾದವರಿಗೆ ತಾರೀಖು ಕಣ್ಣಿಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ.

ದೇರಾದ ಆ ಕೋಣೆಯಲ್ಲಿ ಅಣ್ಣ ಮುಂದೂಡದೆ ಮಾಡಿದ ಕೆಲಸ ಒಂದಿತ್ತು. ಬಾಲ್ಕನಿಯಲ್ಲಿ, ಪೇಂಟಿನ ಡಬ್ಬದಲ್ಲಿ ಒಂದು ಬಸಳೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರೇ ಅದಕ್ಕೆ ಆಧಾರ. ವಾರಕ್ಕೊಮ್ಮೆ ಶುಕ್ರವಾರ ಆರು ಜನರಿಗೂ ಅದರದ್ದೇ ಪದಾರ್ಥ. ‘ಬರುವಾಗ ಒಂದು ದಂಟಾದರೂ ತರಬಹುದಿತ್ತಲ್ಲ?’ ಎಂದೆ. ‘ಅದು ನನ್ನದಲ್ಲ. ನಾನು ಹೋಗುವಾಗಲೇ ಅಲ್ಲಿತ್ತು. ನನ್ನ ಮೊದಲಿನವರು ಬಿಟ್ಟು ಹೋದದ್ದು. ಈಗ ಹೊಸ ಹುಡುಗ ನೀರು ನೋಡಿಕೊಳ್ಳುತ್ತಾನೆ, ಮೊನ್ನೆ ಫೋಟೋ ಕಳಿಸಿದ್ದ’ ಎಂದರು. ಆ ಬಾಲ್ಕನಿಯಲ್ಲಿ ಯಾರಿಗೂ ಎರಡು ವರ್ಷಕ್ಕಿಂತ ದೂರದ ಭರವಸೆ ಇರಲಿಲ್ಲ. ಆದರೂ ಬಳ್ಳಿ ಹಬ್ಬಿತ್ತು, ಇದ್ದವರೆಲ್ಲ ಉಂಡರು.

ಕಳೆದ ಮಳೆಗಾಲಕ್ಕೆ ಮೊದಲು ಅಣ್ಣ ನಮ್ಮ ಹಿತ್ತಲಿನಿಂದ ಬಸಳೆಯ ಎರಡು ದಂಟು ಕೊಂಡುಹೋಗಿ ಬಾವಿಕಟ್ಟೆಯ ಹತ್ತಿರ ನೆಟ್ಟರು. ಚಪ್ಪರ ಹಾಕಿದರು. ದೊಡ್ಡ ಮಂಚದ ಪ್ಲಾಸ್ಟಿಕ್ ಕವರು ಹರಿದು ಗೊಬ್ಬರದ ರಾಶಿಗೆ ಹೊದಿಕೆಯಾಯಿತು. ಮೊನ್ನೆ ಮೀನಿನ ಅಕ್ಕ ಅಭ್ಯಾಸಬಲದಿಂದ ಮತ್ತೆ ಕೇಳಿದರು: ‘ಅಣ್ಣ, ಹೋಗುವುದು ಯಾವಾಗ?’

ಈ ಸಲ ಅವರು ಕ್ಯಾನ್ಸಲ್ಲಿನ ಸುದ್ದಿ ಎತ್ತಲಿಲ್ಲ. ‘ಅದು ಗೊತ್ತಿಲ್ಲ’ ಎಂದರು. ‘ಸಿಗಡಿ ಉಂಟಾ? ಬಸಳೆ ಕೊಯ್ದಾಗಿದೆ.’